ಗುಡ್ಡದೊಳಗಿನ ಗ್ಯಾಸು

ಇವತ್ತು ಅಮ್ಮನ್ನ ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡಿನ ಫ್ರೆಶ್‌ಕಿಲ್ಸ್ ಪಾರ್ಕಿಗೆ ಕರ್ಕೊಂಡು ಹೋಗಿದ್ದೆ. ಎದುರಿಗೆ ಹಸಿರು ಗುಡ್ಡ. ಹುಲ್ಲಿನ ಮಧ್ಯೆ ಅಲ್ಲೊಂದು ಇಲ್ಲೊಂದು ಪೈಪು ತಲೆ ಎತ್ತಿ ನಿಂತಿದೆ.

"ಬೋರ್‌ವೆಲ್ಲೇನೋ ಇದು?" ಅಂದ್ರು ಅಮ್ಮ.

ಅಲ್ಲಮ್ಮ, ಗ್ಯಾಸ್ ಬಾವಿ. ಈ ಗುಡ್ಡವೇ ನ್ಯೂಯಾರ್ಕಿನ ಕಸ. 1948ರಿಂದ 2001ರವರೆಗೆ ಸುರಿದದ್ದು. ಒಳಗೆ ಕೊಳೆತು ಬರೋ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧ ಮೀಥೇನ್, ಅಂದ್ರೆ ಉರಿಯೋ ಗ್ಯಾಸು. ಅದನ್ನ ಹೀರಿ, ಇಂಗಾಲದ ಡೈಆಕ್ಸೈಡು, ಗಂಧಕದ ಅಂಶ ಎಲ್ಲ ತೆಗೆದು, ಮನೆಮನೆಗೆ ಹೋಗೋ ಗ್ಯಾಸ್ ಪೈಪಿಗೇ ಸೇರಿಸಿದ್ದಾರೆ.

ಅಮ್ಮ ತುಂಬ ಹೊತ್ತು ಆ ಪೈಪನ್ನೇ ನೋಡ್ತಾ ನಿಂತರು. "ಯಾರೋ ಎಸೆದ ಅನ್ನ, ಇನ್ಯಾರದೋ ಮನೇಲಿ ಹಾಲು ಕಾಯಿಸ್ತು ಅನ್ನು."

ನನಗೆ ಬೆಂಗಳೂರಿನ ಕಸ ಸುರೀತಿದ್ದ ಮಂಡೂರಿನ ಕಸದ ಬೆಟ್ಟ ನೆನಪಾಗಿ ಸಂಕಟ ಆಯ್ತು. ಮೂಗು ಮುಚ್ಕೊಂಡೇ ಬದುಕಿದ್ರು ಆ ಊರಿನವರು. ಎಷ್ಟು ಮೀಥೇನ್ ಹಾಗೇ ಗಾಳಿಗೆ ಹೋಯ್ತೋ.