ಜಗಲಿಗೆ ಬಂದು ಕೂತ ಸ್ಟೋನ್ಸ್

ರಾತ್ರಿ ನಿದ್ದೆ ಬರಲಿಲ್ಲ. ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ 'ಹ್ಯಾಕ್ನಿ ಡೈಮಂಡ್ಸ್' ಆಲ್ಬಮ್ ಮತ್ತೆ ಹಾಕಿಕೊಂಡೆ. 2023ರಲ್ಲಿ ಬಂದಾಗ ಸುಮ್ನೆ ಒಂದು ಸಲ ಕೇಳಿ ಬಿಟ್ಟಿದ್ದೆ. ಆಗ ಗಾಯಕ ಮಿಕ್ ಜಾಗರ್‌ಗೆ 80. ದನಿ ಮಾತ್ರ ಇನ್ನೂ ಪೋಲಿ ಹುಡುಗನದ್ದೇ! ರೆಕಾರ್ಡಿಂಗ್ ಸ್ವಲ್ಪ ಜಾಸ್ತಿಯೇ ನುಣುಪು. ಅವರದೇ 1972ರ ಆಲ್ಬಮ್ 'ಎಕ್ಸೈಲ್ ಆನ್ ಮೇನ್ ಸ್ಟ್ರೀಟ್'ನ ಒರಟುತನ ಇಲ್ಲಿಲ್ಲ. ಆದರೆ ಎರಡು ಹಾಡುಗಳಲ್ಲಿ ಡ್ರಮ್ಸ್ ತಂಡದ ಹಳೇ ಡ್ರಮ್ಮರ್ ಚಾರ್ಲಿ ವಾಟ್ಸ್ ಅವರದು. 2021ರಲ್ಲೇ ತೀರಿಕೊಂಡವರು. ಅವು ಬಂದಾಗ ಕೈ ತಾನಾಗಿ ವಾಲ್ಯೂಮ್ ಕಡೆ ಹೋಗುತ್ತದೆ.

ಕೊನೆಯ ಹಾಡಿನಲ್ಲಿ ಜಾಗರ್, ಗಿಟಾರಿನ ಕೀತ್ ರಿಚರ್ಡ್ಸ್ ಇಬ್ಬರೇ. ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವರ ಹಾಡು ಅದು; ತಂಡಕ್ಕೆ ಹೆಸರು ಬಂದದ್ದೂ ಅದರಿಂದಲೇ. ಅರವತ್ತು ವರ್ಷ ಊರೂರು ಸುತ್ತಿ, ಹಳೇ ಗೆಳೆಯರಿಬ್ಬರು ಜಗಲಿಗೆ ಬಂದು ಕೂತ ಹಾಗಿದೆ, ಅಲ್ವಾ?

2003ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದಿದ್ದರು. ಆಗ ನನ್ನ ಹತ್ತಿರ ಟಿಕೆಟ್‌ಗೆ ದುಡ್ಡಿರಲಿಲ್ಲ.