ಹದಿನೇಳು ಅಕ್ಷರ

ಈ ಬೆಳಿಗ್ಗೆ ಕಾರಿನ ಬಾನೆಟ್ ಎತ್ತಿ, ಒದ್ದೆ ಬಟ್ಟೆಯಿಂದ ವಿಜಯಪುರದ ಧೂಳನ್ನು ಒರೆಸಿ, ಚಾಸಿ ನಂಬರಿನ 17 ಅಕ್ಷರಗಳನ್ನು ಒಂದೊಂದಾಗಿ ಬರೆದುಕೊಂಡೆ. ಎಂಟೋ ‘ಬಿ’ಯೋ ತಿಳಿಯದ ಒಂದನ್ನು ಮಗಳು ಟಾರ್ಚ್ ಹಿಡಿದು ಓದಿ ಹೇಳಿದಳು.

ಎಂಜಿನ್ನಿಗೆ ಪೆಟ್ರೋಲು ಹರಿಸುವ ಪಂಪಿನ ದೋಷಕ್ಕಾಗಿ ಕಂಪನಿ ಈ ಮಾದರಿಯ ಕಾರುಗಳನ್ನು ದುರಸ್ತಿಗೆ ವಾಪಸ್ ಕರೆದು ಐದು ತಿಂಗಳಾಗಿದೆಯಂತೆ. ಪತ್ರ ಹೋದದ್ದು ಮೊದಲ ಮಾಲೀಕರಿಗೆ. ನಾನು ಎರಡನೆಯವನು. ಸೊಲ್ಲಾಪುರ ರಸ್ತೆಯಲ್ಲಿ ಲಾರಿಗಳ ನಡುವೆ ಗಾಡಿ ಎರಡು ಸಲ ತಾನಾಗಿ ನಿಂತಾಗ, ಪೆಟ್ರೋಲಿನಲ್ಲಿ ಕಸವಿದೆ ಎಂದು ಬಂಕಿನವರನ್ನು ಬೈದಿದ್ದೆ, ಪಾಪ.

2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಹೀಗೆ ದೋಷದ ಗಾಡಿಗಳನ್ನು ವಾಪಸ್ ಕರೆಯುವುದಕ್ಕೊಂದು ಕಲಮು ಬಂದಿದೆ. ತಾನಾಗಿ ಮುಂದೆ ಬಾರದ ಕಂಪನಿಗೆ ಕೇಂದ್ರ ಸರ್ಕಾರವೇ ಆದೇಶ ಕೊಡಬಹುದು, 1 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಆ ನಿಯಮ ಏಳು ವರ್ಷದೊಳಗಿನ ವಾಹನಗಳಿಗೆ ಮಾತ್ರ. ಕೈಯಿಂದ ಕೈಗೆ ದಾಟುವ ಹಳೆಯ ಗಾಡಿಗಳೇ ತುಂಬಿರುವ ನಮ್ಮೂರಿನಲ್ಲಿ ಏಳು ವರ್ಷ ಯಾವ ಲೆಕ್ಕ?

ಶೋರೂಮಿಗೆ ಫೋನ್ ಮಾಡಿ ಚಾಸಿ ನಂಬರು ಹೇಳಿದೆ. ‘ಬಿಲ್ ಇರುವುದಿಲ್ಲ ಸರ್, ಪಂಪ್ ಬರಲು ಹದಿನೈದು ದಿನ’ ಎಂದರು. ಅಲ್ಲಿಯವರೆಗೆ ಮುದ್ದೇಬಿಹಾಳದ ತಂಗಿಯ ಮನೆಗೆ ಬಸ್ಸೇ ಗತಿ.