ಜೈಲಿಗೆ ಹೋದವರ ಹೆಸರು ಪಟ್ಟಿಯಿಂದ ಹೋಗುತ್ತಾ?

ನಾನು ಪ್ರಾಥಮಿಕ ಶಾಲೆ ಟೀಚರ್, ಜೊತೆಗೆ ನಮ್ಮೂರ ಬೂತಿನ ಬಿಎಲ್‌ಒ, ಅಂದರೆ ಮತದಾರರ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ. ಮತದಾರರ ಪಟ್ಟಿ ಹಿಡಿದು ಮನೆ ಮನೆ ತಿರುಗುವಾಗ ಸತ್ತವರ ಹೆಸರಿಗಿಂತ ಜಾಸ್ತಿ ತಕರಾರು ಬರುವುದು ಜೈಲಿಗೆ ಹೋದವರ ಹೆಸರಿಗೆ. "ಟೀಚರ್, ಅವನು ಒಳಗಿದ್ದಾನೆ. ಹೆಸರು ಇನ್ನೂ ಯಾಕೆ ಇಟ್ಕೊಂಡಿದ್ದೀರಿ?" ಅಂತ ಪಕ್ಕದ ಮನೆಯವರೇ ಕೇಳುತ್ತಾರೆ.

ಹೆಸರು ತೆಗೆಸಲು ಫಾರಂ 7 ಕೊಡಬೇಕು. ಸತ್ತಿದ್ದಾರೆ, ಊರು ಬಿಟ್ಟಿದ್ದಾರೆ, ಎರಡು ಕಡೆ ಹೆಸರಿದೆ, ಇಂಥ ಕಾರಣಗಳು ಅದರಲ್ಲಿವೆ. ಜೈಲು ಅನ್ನುವ ಕಾರಣವೇ ಇಲ್ಲ. ಕೆಲವು ಜಾಣರು 'ಊರು ಬಿಟ್ಟಿದ್ದಾನೆ' ಅಂತ ಟಿಕ್ ಹಾಕಿ ತರುತ್ತಾರೆ. ಅದೂ ನಡೆಯಲ್ಲ. ಜೈಲಲ್ಲಿ ಇದ್ದ ಮಾತ್ರಕ್ಕೆ ಅದು ಅವರ ವಾಸದ ಜಾಗ ಆಗುವುದಿಲ್ಲ ಅಂತ 1950ರ ಜನಪ್ರತಿನಿಧಿ ಕಾಯ್ದೆಯೇ ಹೇಳುತ್ತದೆ.

ಹಾಗಂತ ಒಳಗಿರುವವರು ವೋಟ್ ಹಾಕುವಂತಿಲ್ಲ. 1951ರ ಕಾಯ್ದೆಯ 62(5)ನೇ ಸೆಕ್ಷನ್ ಅದಕ್ಕೆ ಅಡ್ಡ. ವಿನಾಯಿತಿ ಇರುವುದು ಮುನ್ನೆಚ್ಚರಿಕೆ ಕ್ರಮವಾಗಿ ಬಂಧನದಲ್ಲಿ ಇಟ್ಟವರಿಗೆ ಮಾತ್ರ, ಅವರಿಗೆ ಅಂಚೆ ಮತಪತ್ರ ಉಂಟು. ನನಗೆ ಸಿಟ್ಟು ಬರುವುದು ಈ ಸೆಕ್ಷನ್ ಮೇಲೆ. ಜಾಮೀನಿಗೆ ದಿಕ್ಕಿಲ್ಲದೆ ಒಳಗೇ ಉಳಿದವನಿಗೆ ತಪ್ಪು ಸಾಬೀತಾಗುವ ಮೊದಲೇ ವೋಟಿಲ್ಲ. ನಮ್ಮ ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ಇಂಥ ವಿಚಾರಣಾಧೀನರೇ. ಶಿಕ್ಷೆಯಾಗಿ, ಮೇಲ್ಮನವಿ ಹಾಕಿ, ಜಾಮೀನಿನ ಮೇಲೆ ಹೊರಗಿರುವವನು ಮಾತ್ರ ಆರಾಮಾಗಿ ಬಂದು ವೋಟ್ ಹಾಕಿ ಹೋಗಬಹುದು! 1997ರಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ ಸರಿ ಎಂದಿತು. ಇನ್ನೂ ತಮಾಷೆ ಎಂದರೆ ಒಳಗಿದ್ದುಕೊಂಡು ಚುನಾವಣೆಗೆ ನಿಲ್ಲಬಹುದು. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1977ರಲ್ಲಿ ಜೈಲಿನಿಂದಲೇ ಬಿಹಾರದ ಮುಜಫ್ಫರ್‌ಪುರ ಗೆದ್ದರು. 2024ರಲ್ಲಿ ಕಾಶ್ಮೀರದ ರಾಜಕಾರಣಿ ಎಂಜಿನಿಯರ್ ರಶೀದ್ ದೆಹಲಿಯ ತಿಹಾರ್ ಜೈಲಿನಲ್ಲಿದ್ದುಕೊಂಡೇ ಬಾರಾಮುಲ್ಲಾ ಗೆದ್ದರು.

ಹಿಂದೊಂದು ಚುನಾವಣೆಯಲ್ಲಿ ಹೀಗೇ ಜಾಮೀನಿನ ಮೇಲಿದ್ದ ಒಬ್ಬರು ನನ್ನ ಟೇಬಲ್ಲಿಗೆ ಬಂದು ಚೀಟಿ ತಗೊಂಡು ಒಳಗೆ ಹೋದರು. ಪಕ್ಷದ ಏಜೆಂಟ್ ಒಬ್ಬ ಎದ್ದು ನಿಂತ. "ಸಾರ್, ಇವನಿಗೆ ಶಿಕ್ಷೆ ಆಗಿದೆ, ಬಿಡಬೇಡಿ." ಮತಗಟ್ಟೆಯ ಮುಖ್ಯ ಅಧಿಕಾರಿ ಪಿಆರ್‌ಒ ತಲೆ ಎತ್ತದೆ ಹೇಳಿದರು: "ಪಟ್ಟಿಯಲ್ಲಿರೋ ವ್ಯಕ್ತಿ ಇವನಲ್ಲ ಅಂತೀರಾ? ಹಾಗಾದ್ರೆ 2 ರೂಪಾಯಿ ಕಟ್ಟಿ ಚಾಲೆಂಜ್ ಮಾಡಿ. ಕೇಸಿನ ವಿಷಯ ಇಲ್ಲಿ ಬೇಡ." ಚಾಲೆಂಜ್ ಮಾಡಲು ಇರುವುದು ಆ ಒಂದೇ ದಾರಿ, ಶುಲ್ಕವೂ ಅಷ್ಟೇ. ಏಜೆಂಟ್ ಸುಮ್ನೆ ಕೂತ. ವೋಟ್ ಹಾಕಲು ಬಂದವರ ಎಡಗೈ ಬೆರಳಿಗೆ ಶಾಯಿ ಬಿತ್ತು.

ಶಿಕ್ಷೆ ಮುಗಿಸಿ ಬಂದವರು ನನ್ನ ಹತ್ತಿರ ಬರುವುದೇ ಕಡಿಮೆ. "ನಮಗೆ 6 ವರ್ಷ ವೋಟ್ ಇಲ್ವಲ್ಲ ಟೀಚರ್" ಅಂತಾರೆ. ಟಿವಿಯಲ್ಲಿ ಕೇಳಿರುತ್ತಾರೆ. ಅದು 2 ವರ್ಷ ಅಥವಾ ಜಾಸ್ತಿ ಶಿಕ್ಷೆಯಾದವರು ಚುನಾವಣೆಗೆ ನಿಲ್ಲುವ ವಿಷಯ, ವೋಟಿನದಲ್ಲ. ವೋಟಿಗೆ ಲಂಚ ಕೊಟ್ಟಂಥ ಚುನಾವಣಾ ಅಪರಾಧಕ್ಕೆ ಶಿಕ್ಷೆಯಾಗಿದ್ದರೆ ಮಾತ್ರ 6 ವರ್ಷ ವೋಟೂ ಇಲ್ಲ. ಉಳಿದವರು ಹೊರಗೆ ಬಂದ ಮೇಲೆ ಒಮ್ಮೆ ಪಟ್ಟಿ ನೋಡಿ. ಹೆಸರು ಬಿಟ್ಟುಹೋಗಿದ್ದರೆ ಫಾರಂ 6 ತುಂಬಿ ಕೊಡಿ. ನಾಮಪತ್ರ ಸಲ್ಲಿಸುವ ಕೊನೆ ದಿನ ದಾಟಿದರೆ ಆ ಚುನಾವಣೆಗೆ ಹೆಸರು ಸೇರಿಸಲು ಬರುವುದಿಲ್ಲ, ಹಾಗಾಗಿ ಸ್ವಲ್ಪ ಮೊದಲೇ ಬನ್ನಿ.